ಮುಚ್ಚಿಕೊಟ್ಟವರ ಹೆಸರು

ಒಂದು ಊರಿತ್ತಂತೆ, ಹೂಂ ಅನ್ನು. ಊರಿನ ಸುತ್ತ ಗೋಡೆ, ಗೋಡೆಗೆ ಎಣಿಸಿ ಮುಗಿಯದಷ್ಟು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ನಗಾರಿ ಢಂ ಅಂದ ಕೂಡಲೆ ಒಂದು ಜಾತಿಯ ಬಾಗಿಲು ತೆರೆದು ಹೊರಗಿನವರು ಹೋ ಎಂದು ಒಳಗೆ ನುಗ್ಗುತ್ತಿದ್ದರಂತೆ, ಊರಿಗೆ ಊರೇ ಮೈ ಬಿಗಿದು ಎದ್ದು ನಿಲ್ಲುತ್ತಿತ್ತಂತೆ. ಆಮೇಲೆ ಇನ್ನೊಂದು ಜಾತಿಯ ಬಾಗಿಲು ತೆರೆಯಬೇಕು, ಒಳಗಿನವರು ಹೊರಗೆ ಹೋಗಬೇಕು, ಹೋದರೆ ಮಾತ್ರ ಊರಿಗೆ ನಿದ್ದೆ. ಆದರೆ ಆ ಎರಡನೆಯ ಬಾಗಿಲುಗಳು ಗೋಡೆಯಲ್ಲಿ ಎಲ್ಲಿವೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನೋಡಿಕೊಂಡು ಬಾ ಅಂತ ಒಬ್ಬಳು ಹುಡುಗಿಯನ್ನು ಕಳಿಸಿದರಂತೆ. ಹೂಂ ಅನ್ನೇ, ಮಲಗಿಬಿಟ್ಯಾ?

ಇದು ಅಜ್ಜಿಗೆ ಅವಳ ಅಜ್ಜಿಯಿಂದ ಬಂದ ಕಥೆಯಲ್ಲ. ಕಿವಿ ಇನ್ನೂ ನೆಟ್ಟಗಿದ್ದ ಕಾಲದಲ್ಲಿ ಅಜ್ಜಿ ಒಮ್ಮೆ ಫೋನಿನಲ್ಲಿ ಮೊಮ್ಮಗಳನ್ನು, "ಅದೇನೇ ನೀನು ದಿನವೆಲ್ಲ ಕತ್ತಲಲ್ಲಿ ಕೂತು ಹುಡುಕೋದು?" ಎಂದು ಕೇಳಿದ್ದಳು. ಅವಳು ಹೇಳಿದ್ದಳು: ಹೃದಯದ ಸ್ನಾಯುವಿನಲ್ಲಿ ಜೀವಕೋಶಗಳು ಇಟ್ಟಿಗೆಗಳ ಹಾಗೆ ಒಂದಕ್ಕೊಂದು ತುದಿ ಕೊಟ್ಟು ಸಾಲಾಗಿರುತ್ತವೆ, ಒಂದೊಂದು ಬಡಿತದ ಕೊನೆಗೂ ಪೊಟ್ಯಾಸಿಯಂ ಹೊರಗೆ ಹೋದರೆ ಮಾತ್ರ ಅವಕ್ಕೆ ವಿಶ್ರಾಂತಿ, ಅದು ಹೊರಗೆ ಹೋಗುವ ದಾರಿಗೆ ಚಾನೆಲ್ ಅನ್ನುತ್ತಾರೆ, ಆ ಚಾನೆಲ್ ಜೀವಕೋಶದ ಯಾವ ಜಾಗದಲ್ಲಿ ಕೂತಿದೆ ಅಂತ ನೋಡುವುದೇ ತನ್ನ ಕೆಲಸ. ಅಜ್ಜಿ ಅದನ್ನು ತೆಗೆದುಕೊಂಡು ಹೋಗಿ, ನಗಾರಿ ಸೇರಿಸಿ, ಕಾವಲುಗಾರರಿಗೆ ಮೀಸೆ ಬರೆದು, ಮುಂದಿನ ವಾರ ಅವಳಿಗೇ ವಾಪಸು ಹೇಳಿದಳು. ಹುಡುಗಿಗೆ ಬಾಗಿಲು ಸಿಕ್ಕಿತೋ ಇಲ್ಲವೋ ಅಂತ ಕೇಳಿದರೆ, "ಅದು ನೀನು ಹೇಳ್ಬೇಕು, ನನ್ನ ಕೇಳ್ತೀಯಲ್ಲ" ಅನ್ನುತ್ತಿದ್ದಳು.

"ಆ ಹುಡುಗಿ ಹೆಸರೇನೆ?" ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಕೇಳಿದಾಗ ಅವಳಿಗೆ ಒಂದು ಕ್ಷಣ ಅನ್ನಿಸಿದ್ದು ಅದೇ, ಕಥೆಯ ಹುಡುಗಿ. ಮೇಡಂ ಕಿಟಕಿಯ ಕಡೆ ಬೆನ್ನು ಮಾಡಿ ಕೂತಿದ್ದರು. ಮುಂದೆ ಸಂಶೋಧನಾ ಲೇಖನದ ಪ್ರತಿ ಹರಡಿತ್ತು, ಅದು ಹಾರದಿರಲೆಂದು ಪ್ಲಾಸ್ಟರಿನ ಹೃದಯವೊಂದನ್ನು ಇಟ್ಟಿದ್ದರು. ಅದರ ಮುಚ್ಚಳ ಎಂದೋ ಕಳೆದುಹೋಗಿ ಒಳಗಿನ ನಾಲ್ಕು ಕೋಣೆಗಳಲ್ಲಿ ಪಿನ್ನುಗಳು, ರಬ್ಬರು, ಒಂದು ಶೀತದ ಮಾತ್ರೆ.

"ಯಾವ ಹುಡುಗಿ ಮೇಡಂ?"

"ನಿನ್ನ ಸ್ಲೈಡು ಮುಚ್ಚಿಕೊಟ್ಟವಳು ಕಣೆ. ಪಕ್ಕದ ಲ್ಯಾಬಿನವಳು ಅಂದ್ಯಲ್ಲ. ಪಾಪ, ಅಷ್ಟು ತಾಳ್ಮೆಯಿಂದ ಮಾಡಿಕೊಟ್ಟಿದಾಳೆ, ಕೊನೇಲಿ ಅವಳಿಗೊಂದು ಸಾಲು ಕೃತಜ್ಞತೆ ಹಾಕೋಣ. ನಾಳೆ ಕಳಿಸಿಬಿಡ್ತೀನಿ ಇದನ್ನ."

ಅವಳ ಕಣ್ಣು ಪ್ಲಾಸ್ಟರಿನ ಕೆಳಗಿನ ಬಲ ಕೋಣೆಯಲ್ಲಿದ್ದ ಮಾತ್ರೆಯ ಮೇಲೆ ನಿಂತಿತು. ಯಾವುದಾದರೂ ಒಂದು ಹೆಸರು ಹೇಳಿಬಿಡಬಹುದಿತ್ತು. ಜಗತ್ತಿನಲ್ಲಿ ಹೆಸರಿಗೇನು ಬರ. ಬಾಯಿ ತೆರೆದಳು. ಹೆಸರುಗಳೆಲ್ಲ ಬಸ್ಸು ಬಂದಾಗಿನ ಜನರಂತೆ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಂಡವು, ಒಂದೂ ಹೊರಗೆ ಬರಲಿಲ್ಲ.

"ಸಂಜೆಗೆ ಹೇಳ್ತೀನಿ ಮೇಡಂ."

"ಅವಳಿಗಿನ್ನೂ ಹೆಸರಿಟ್ಟಿಲ್ವೇನೆ?" ಮೇಡಂ ನಕ್ಕರು. ಮೇಡಂ ನಗುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಅದನ್ನು ಹಿಂದಕ್ಕೆ ತಳ್ಳದೆ ಹಾಗೆಯೇ ಮೇಲಿನಿಂದ ನೋಡುತ್ತಾರೆ. ಆ ನೋಟದಲ್ಲಿ ಇರುವ ವಾತ್ಸಲ್ಯವನ್ನು ಎದುರಿಸುವುದಕ್ಕಿಂತ ಬೈಸಿಕೊಳ್ಳುವುದು ಸುಲಭ.

"ಹಾಗಲ್ಲ. ಇನ್ನೊಂದ್ಸಲ ಎಣಿಸಿ ನೋಡ್ತೀನಿ ಮೇಡಂ. ಎರಡೂ ಒಟ್ಟಿಗೆ ಕೊಡ್ತೀನಿ. ಎಣಿಕೆ, ಹೆಸರು."

"ಎಣಿಸಿದ್ದನ್ನೇ ಎಣಿಸ್ತೀಯಾ? ಹಾಲು ಉಕ್ಕಿ ಹೋದ ಮೇಲೂ ಒಲೆ ಮುಂದೆ ನಿಂತ ಹಾಗೆ." ಆದರೆ ಅವರಿಗೆ ಅದು ಇಷ್ಟವಾಯಿತೆಂದು ಮುಖವೇ ಹೇಳುತ್ತಿತ್ತು. "ಸರಿ, ಎಣಿಸು. ನಾನು ಸಂಜೆ ಹೊರಡೋ ಮುಂಚೆ ನನ್ನ ಮೇಜಿನ ಮೇಲಿರ್ಬೇಕು. ಮಾತು ಕೊಟ್ಟಿದೀಯ, ನೋಡು."

ಕಾರಿಡಾರಿನಲ್ಲಿ ನೆಲ ಒರೆಸಿ ಇನ್ನೂ ಆರಿರಲಿಲ್ಲ. ಗೋಡೆ ಹಿಡಿದು ನಡೆದಳು. ಹೆಸರಿಲ್ಲದ ಆ ಹುಡುಗಿ ಹುಟ್ಟಿದ್ದು ಹೋದ ತಿಂಗಳು, ಅದೂ ಮೇಡಂ ಕೋಣೆಯಲ್ಲಿಯೇ. ಈ ಕೆಲಸದಲ್ಲಿ ಯಾರೂ ತಮ್ಮ ಕಣ್ಣನ್ನು ತಾವೇ ನಂಬುವಂತಿಲ್ಲ. ಗಾಜಿನ ಸ್ಲೈಡಿನ ಮೇಲಿನ ಜೀವಕೋಶಗಳಿಗೆ ಮೊದಲು ಚಾನೆಲನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯವನ್ನು ಹಾಕಬೇಕು. ಅದರ ಮೇಲೆ, ಆ ಪ್ರತಿಕಾಯವನ್ನು ಹುಡುಕಿ ಹಿಡಿದು ಹಸಿರಾಗಿ ಹೊಳೆಯುವ ಬಣ್ಣ. ಎಲ್ಲಿ ಹಸಿರೋ ಅಲ್ಲಿ ಚಾನೆಲ್. ಜೊತೆಗೆ ಕೆಲವು ಸ್ಲೈಡುಗಳಿಗೆ ಪ್ರತಿಕಾಯ ಹಾಕದೆ ಬಣ್ಣ ಮಾತ್ರ ಹಾಕಬೇಕು; ಬಣ್ಣಕ್ಕೆ ಹಿಡಿಯಲು ಏನೂ ಇಲ್ಲದ್ದರಿಂದ ಅವು ಕತ್ತಲಾಗಿರಬೇಕು. ಎಣಿಸುವವರಿಗೆ ಯಾವುದು ಹಾಕಿದ್ದು, ಯಾವುದು ಹಾಕದ್ದು ಎಂದು ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ. ಅದಕ್ಕೇ ಬೇರೆಯವರೊಬ್ಬರು ಸ್ಲೈಡಿನ ಚೀಟಿಗಳನ್ನು ಮುಚ್ಚಿ, ತಮಗೆ ಮಾತ್ರ ಗೊತ್ತಿರುವ ಗುರುತು ಹಾಕಿ ಕೊಡಬೇಕು. ಸಣ್ಣ ಕೆಲಸ. ಲ್ಯಾಬಿನಲ್ಲಿ ಯಾರಾದರೂ ಯಾರನ್ನಾದರೂ, "ಸ್ವಲ್ಪ ಮುಚ್ಚಿಕೊಡ್ತೀಯಾ?" ಎಂದು ಕೇಳುವುದು ಹೊಸತಲ್ಲ, ಅವರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಮುಚ್ಚಿಕೊಡುತ್ತಾರೆ.

ಅವಳಿಗೆ ಆ ಒಂದು ವಾಕ್ಯ ಬರಲಿಲ್ಲ. ಅಂದು ಸ್ಲೈಡುಗಳ ತಟ್ಟೆ ಹಿಡಿದು ಲ್ಯಾಬಿನ ಬಾಗಿಲವರೆಗೆ ಬಂದು, ಒಳಗೆ ಎಲ್ಲರೂ ಯಾವುದೋ ಮಾತಿಗೆ ನಗುತ್ತಿದ್ದದ್ದು ಕೇಳಿ, ತಾನು ಒಳಗೆ ಕಾಲಿಟ್ಟರೆ ಆ ನಗು ಮುಗಿಯುತ್ತದೆ, ಮುಗಿದು ಎಲ್ಲರೂ ಮರ್ಯಾದೆಯಿಂದ ತನ್ನ ಕಡೆ ನೋಡುತ್ತಾರೆ ಎಂದು ತಿಳಿದು, ಹಾಗೆಯೇ ಹಿಂತಿರುಗಿದ್ದಳು. ಮೈಕ್ರೋಸ್ಕೋಪಿನ ಕತ್ತಲ ಕೋಣೆಯಲ್ಲಿ ಕೂತು ಚೀಟಿಗಳ ಮೇಲೆ ತಾನೇ ಕಾಗದದ ಟೇಪು ಅಂಟಿಸಿದಳು, ಕಣ್ಣು ಮುಚ್ಚಿ ತಟ್ಟೆಯಲ್ಲಿ ಎಲ್ಲವನ್ನೂ ಕಲಸಿದಳು. ಬಟ್ಟಲಲ್ಲಿ ಕವಡೆ ಕಲಸುವಂತೆ ಗಾಜು ಗಲಗಲ ಎಂದಿತು. ಇನ್ನೊಮ್ಮೆ ಕಲಸಿದಳು. ತನ್ನಿಂದ ತಾನು ಏನನ್ನಾದರೂ ಬಚ್ಚಿಡುವುದು ಇಷ್ಟು ಕಷ್ಟವೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಣಿಸಿದಾಗ ಬಂದ ಉತ್ತರ ಮೇಡಂ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದೇ: ಹಸಿರು ಜೀವಕೋಶದ ಎರಡು ತುದಿಗಳಲ್ಲಿ, ಪಕ್ಕದ ಜೀವಕೋಶಕ್ಕೆ ತಾಗುವ ಜಾಗದಲ್ಲಿ. "ಯಾರು ಮುಚ್ಚಿದ್ದು?" ಎಂದು ಮೇಡಂ ಅಂದು ಕೇಳಿದಾಗ, ಯಾರೂ ಇಲ್ಲ ಎನ್ನುವುದು ಎಣಿಕೆಯ ತಪ್ಪಿಗಿಂತ ದೊಡ್ಡ ಬೇರೇನನ್ನೋ ಹೇಳಿದಂತಾಗುತ್ತದೆಂದು ಅನ್ನಿಸಿ, "ಪಕ್ಕದ ಲ್ಯಾಬಿನ ಹುಡುಗಿ" ಎಂದುಬಿಟ್ಟಿದ್ದಳು. ಹೇಳಿದ ಮೇಲೆ ಕೆಲವು ದಿನ ಆ ಹುಡುಗಿ ನಿಜವಾಗಿಯೂ ಇದ್ದಳು. ಗಿಡ್ಡ ಕೂದಲಿನವಳು, ತುಸು ತೊದಲುವವಳು, ಮಧ್ಯಾಹ್ನ ಬಂದು "ಏನ್ ಮಾಡ್ತಿದೀಯೇ?" ಎಂದು ಬಾಗಿಲಿಗೆ ಒರಗಿ ನಿಲ್ಲುವವಳು.

ಆ ಬಾಗಿಲನ್ನಾದರೂ ಒಮ್ಮೆ ತಟ್ಟಬೇಕು ಅನ್ನಿಸಿತು. ಪಕ್ಕದ ಲ್ಯಾಬಿನಲ್ಲಿ ಒಬ್ಬಳೇ ಇದ್ದಳು, ಉದ್ದ ಜಡೆಯವಳು. ಕಿವಿಯಿಂದ ಇಯರ್‌ಫೋನು ಕಿತ್ತು ತಲೆ ಎತ್ತಿದಳು.

"ಒಂದು ಸಹಾಯ ಆಗ್ಬೇಕಿತ್ತು."

"ಓ, ಬಂದ್ರಾ? ಬನ್ನಿ ಬನ್ನಿ. ಬೆಳಿಗ್ಗೆಯಿಂದ ಕಾಯ್ತಿದೀನಿ. ಒಂದೇ ಸಮ ಗೊರಗೊರ ಅಂತಿದೆ, ಒಳಗೆ ಐಸು ಕಟ್ಟಿದೆ."

"ಏನು?"

"ಫ್ರಿಜ್ಜು. ಫ್ರಿಜ್ ಕಂಪನಿಯಿಂದ ತಾನೆ?"

"ಅಲ್ಲ. ನಾನು ಪಕ್ಕದ ಲ್ಯಾಬು."

"ಹೌದಾ?" ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಸಾರಿ. ಹೊಸಬರಾ?"

"ಹೂಂ" ಅಂದುಬಿಟ್ಟಳು. ಈ ಕಟ್ಟಡಕ್ಕೆ ಅವಳು ಬಂದಮೇಲೆ ಕಾರಿಡಾರಿನ ಬಣ್ಣ ಎರಡು ಸಲ ಬದಲಾಗಿತ್ತು. ಸಹಾಯ ಏನೆಂದು ಆ ಹುಡುಗಿ ಕೇಳುವ ಮೊದಲೇ, "ಪರವಾಗಿಲ್ಲ, ಆಮೇಲೆ ಬರ್ತೀನಿ" ಎಂದು ಹೊರಬಂದಳು. ಹಿಂದಿನಿಂದ ಫ್ರಿಜ್ಜು ಗೊರಗೊರ ಎನ್ನುವುದು ಕೇಳಿಸುತ್ತಿತ್ತು. ಅದು ನಿಜಕ್ಕೂ ರಿಪೇರಿಗೆ ಬಂದಿತ್ತು; ಕಂಪ್ರೆಸರಿನ ಕೆಳಗೆ ಧೂಳು ಕಟ್ಟಿರಬೇಕು ಎಂದು ಹೇಳಬಹುದಿತ್ತು ಅನ್ನಿಸಿ, ತನ್ನ ಬಗ್ಗೆ ತನಗೇ ನಗು ಬಂತು. ನಗುವನ್ನು ತೋರಿಸಲು ಸುತ್ತ ಯಾರೂ ಇರಲಿಲ್ಲವಾಗಿ ಅದು ಮುಖದ ಮೇಲೆ ಎಲ್ಲಿ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು.

ಊಟದ ಹೊತ್ತಿಗೆ ಅಮ್ಮನ ಫೋನು ಬಂತು. ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಡಬ್ಬಿಯ ಮುಚ್ಚಳ ತೊಡೆಯ ಮೇಲಿತ್ತು. "ಅಜ್ಜಿ ಕೈಲಿ ಕೊಡ್ತೀನಿ. ಜೋರಾಗಿ ಮಾತಾಡು. ಜೋರಾಗಿ ಮಾತಾಡಿದ್ರೂ ಕೇಳ್ಸಲ್ಲ, ಆದ್ರೂ ಮಾತಾಡು" ಎಂದಳು ಅಮ್ಮ. ಫೋನು ಕೈ ಬದಲಿಸುವ ಸದ್ದು, ಬಳೆ ತಾಗಿದ ಸದ್ದು, ಆಮೇಲೆ ಬಹಳ ಹತ್ತಿರದಲ್ಲಿ ಅಜ್ಜಿಯ ಉಸಿರು. ಅಜ್ಜಿ ಪೀಠಿಕೆಯಿಲ್ಲದೆ ಶುರು ಮಾಡಿದಳು. ಒಂದು ಊರಿತ್ತಂತೆ. ಅವಳು ಹೂಂ ಅಂದಳು. ಊರಿನ ಸುತ್ತ ಗೋಡೆ. ಹೂಂ. ಅಜ್ಜಿಗೆ ಕೇಳಿಸಲಿಲ್ಲ. "ಹೂಂ ಅನ್ನೇ" ಎಂದು ಗದರಿದಳು. ಅವಳು ಜೋರಾಗಿ ಹೂಂ ಅಂದಳು. ಮೆಟ್ಟಿಲಿಳಿಯುತ್ತಿದ್ದವರಿಬ್ಬರು ತಿರುಗಿ ನೋಡಿದರು. ಚಿಕ್ಕಂದಿನಲ್ಲಿ ಅವಳು ಹೂಂ ಅನ್ನುವುದು ಮರೆತರೆ ಅಜ್ಜಿ ರಾಕ್ಷಸನನ್ನು ಎತ್ತಿದ ಕಾಲಿನಲ್ಲೇ ನಿಲ್ಲಿಸಿಬಿಡುತ್ತಿದ್ದಳು, "ಕೇಳೋರಿಲ್ಲದೆ ಕಥೆ ಹೇಳೋಕೆ ನನಗೇನು ಹುಚ್ಚಾ?" ಅನ್ನುತ್ತಿದ್ದಳು. ಈಗ ಕೇಳುವವರು ಇದ್ದಾರೋ ಇಲ್ಲವೋ ತಿಳಿಯದೆಯೇ ಹೇಳುತ್ತಾಳೆ. ಗೋಡೆಯವರೆಗೆ ಬಂದು, ಹೂಂ ಸಿಗದೆ, ಮತ್ತೆ ಮೊದಲಿಂದ. ಒಂದು ಊರಿತ್ತಂತೆ. ಅಮ್ಮ ಫೋನು ತೆಗೆದುಕೊಂಡು, "ಸಾಕು ಬಿಡು, ಸುಸ್ತಾಗ್ತಾರೆ" ಅಂದಳು. ಅವಳು ಡಬ್ಬಿ ಮುಚ್ಚಿ ಎದ್ದಳು. ಎದ್ದವಳ ಕಾಲು ಲ್ಯಾಬಿನ ಮೂಲೆಯ ಬೆಂಚಿನ ಕಡೆ ಹೊರಟಿತ್ತು.

ಆ ಬೆಂಚಿನಲ್ಲಿ ಅಕ್ಕ ಇರುತ್ತಾಳೆ, ಒಡಹುಟ್ಟಿದವಳಲ್ಲ, ಬಾಯಿಮಾತಿಗೆ ಅಕ್ಕ. ಲ್ಯಾಬಿನಲ್ಲಿ ಎಲ್ಲರಿಗಿಂತ ಹಳಬಳು, ಎತ್ತರದವಳು. ಪಿಪೆಟ್ ಹಿಡಿದಾಗ ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಒತ್ತಿ ಒಂಟಿ ಕಾಲಲ್ಲಿ ನಿಲ್ಲುವುದು ಅವಳ ಅಭ್ಯಾಸ. ಬಂದ ಹೊಸದರಲ್ಲಿ ಅವಳಿಗೆ ಎಲ್ಲವನ್ನೂ ಕಲಿಸಿದ್ದು ಅಕ್ಕನೇ. ಗಾಜಿನ ಕೊಳವೆಗೆ ಕಟ್ಟಿ ತೂಗಿಬಿಟ್ಟ ಇಲಿಯ ಹೃದಯ ಜೀವಕೋಶಗಳ ಅಂಟು ಬಿಡಿಸುವ ಕಿಣ್ವದ ನೀರು ಕುಡಿದು ಕುಡಿದು ಹೇಗೆ ಮೆತ್ತಗಾಗುತ್ತದೆ, ಯಾವಾಗ ನಿಲ್ಲಿಸಬೇಕು, ಬಿಡಿಬಿಡಿಯಾಗಿ ಉದುರುವ ಜೀವಕೋಶಗಳಲ್ಲಿ ಬದುಕಿದ್ದು ಉದ್ದವಾಗಿ, ಸತ್ತದ್ದು ಉಂಡೆಯಾಗಿ ಇರುತ್ತದೆ, ಎಲ್ಲ. "ನೀನು ಕೈ ನಡುಗಿಸ್ಬೇಡ, ಅದಕ್ಕೆ ನಿನಗಿಂತ ಭಯ ಜಾಸ್ತಿ" ಎಂದು ನಗಿಸಿದ್ದಳು. ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಒಂದು ದಿನ ಚಹಾದ ಮೆಷೀನಿನ ಹತ್ತಿರ ಲ್ಯಾಬಿನ ಹುಡುಗರು ನಿಂತಿದ್ದಾಗ, ಅವರು ಎಂದೂ ತನ್ನ ಮಾತಿಗೆ ನಕ್ಕವರಲ್ಲ ಎಂಬುದು ನೆನಪಾಗಿ, ಏನಾದರೂ ಹೇಳಬೇಕೆನ್ನುವ ಆಸೆಗೆ, "ನಮ್ಮ ಕೊಕ್ಕರೆ ಇವತ್ತು ಬೆಳಿಗ್ಗೆಯಿಂದ ಮೀನಿಗೆ ಕಾಯ್ತಿದೆ" ಎಂದಿದ್ದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನ ಬಿಸುಪು ಇನ್ನೂ ಮೈಮೇಲೆ ಇರುವಾಗಲೇ ತಿರುಗಿದಳು. ಅಕ್ಕ ಖಾಲಿ ಕಪ್ಪು ಹಿಡಿದು ಹಿಂದೆ ನಿಂತಿದ್ದಳು, ಎರಡೂ ಕಾಲಿನ ಮೇಲೆ. ಅಕ್ಕ ಕಪ್ಪು ಅಲ್ಲೇ ಇಟ್ಟು ಹೋದಳು. ಹೆಸರು ಮಾತ್ರ ಉಳಿದುಬಿಟ್ಟಿತು, ಲ್ಯಾಬಿಗೆ ಲ್ಯಾಬೇ ಕೊಕ್ಕರೆ ಅನ್ನತೊಡಗಿತು. ಮಾರನೆಯ ದಿನ ಅಕ್ಕ ಬೆಂಚಿನ ಆಚೆಯಿಂದ, "ಆ ಬಾಟಲಿ ಈ ಕಡೆ ಕೊಡ್ತೀರಾ?" ಎಂದಳು. ಕೊಡ್ತೀಯಾ ಅಲ್ಲ, ಕೊಡ್ತೀರಾ. ಬಾಟಲಿ ಕೊಟ್ಟಳು. ಅಂದಿನಿಂದ ಆ ಮರ್ಯಾದೆ ಹಾಗೆಯೇ ನಡೆದುಕೊಂಡು ಬಂದಿದೆ. ಬೈಗುಳವಾದರೆ ಒಂದು ದಿನ ಮುಗಿಯುತ್ತಿತ್ತು.

ಈಗಲೂ ಅಕ್ಕ ಎರಡು ಕಾಲಿನ ಮೇಲೆ ನಿಂತಿದ್ದಳು. ತಟ್ಟೆ ಹಿಡಿದು ಅವಳು ಎದುರಿಗೆ ಬಂದಾಗ ಪಿಪೆಟ್ಟಿನಿಂದ ಕಣ್ಣೆತ್ತಲಿಲ್ಲ.

"ಅಕ್ಕಾ."

ಆ ಪದ ಬಹಳ ದಿನಗಳಿಂದ ಬಳಸದೆ ಇಟ್ಟ ಪಾತ್ರೆಯಂತೆ ಸದ್ದು ಮಾಡಿತು.

"ಹೇಳಿ."

"ಈ ಸ್ಲೈಡುಗಳನ್ನ ಸ್ವಲ್ಪ ಮುಚ್ಚಿಕೊಡ್ತೀರಾ? ಇನ್ನೊಂದ್ಸಲ ಎಣಿಸ್ಬೇಕು. ಸಂಜೆಯೊಳಗೆ ಮೇಡಂಗೆ ಕೊಡ್ತೀನಂತ ಹೇಳಿದೀನಿ."

"ಹೋದ ಸಲ ಮುಚ್ಚಿದವರ ಹತ್ರಾನೇ ಮಾಡಿಸ್ಬಹುದಲ್ಲ? ಪಕ್ಕದ ಲ್ಯಾಬಲ್ಲಿ ನಿಮಗೆ ಬೇಕಾದವರಿದಾರಂತೆ."

"ಯಾರೂ ಇಲ್ಲ."

"ಅಂದ್ರೆ?"

"ಯಾರೂ ಮುಚ್ಚಿರಲಿಲ್ಲ. ನಾನೇ ಟೇಪು ಹಚ್ಚಿ, ಕಣ್ಮುಚ್ಕೊಂಡು ಕಲಸಿದ್ದೆ."

ಅಕ್ಕ ಪಿಪೆಟ್ ಕೆಳಗಿಟ್ಟಳು. ಅವಳ ಮುಖದಲ್ಲಿ ಮೊದಲು ನಗು ಬಂತು, ಅದು ಅರ್ಧಕ್ಕೆ ನಿಂತು ಬೇರೇನೋ ಆಯಿತು. "ಕಣ್ಣಾಮುಚ್ಚಾಲೆ ಒಬ್ಬರೇ ಆಡೋಕಾಗುತ್ತಾ?" ಎಂದಳು. ಗದರಿಕೆಯಂತಿರಲಿಲ್ಲ, ನಿಜವಾಗಿ ಕೇಳಿದಂತಿತ್ತು. ಅಕ್ಕ ತಟ್ಟೆ ತನ್ನ ಕಡೆ ಎಳೆದುಕೊಂಡು ಒಂದು ಸ್ಲೈಡು ಎತ್ತಿದಳು, ದೀಪಕ್ಕೆ ಹಿಡಿದಳು, ಹೆಬ್ಬೆರಳಿನಿಂದ ಅಂಚು ಸವರಿದಳು. ಇನ್ನೊಂದು ಎತ್ತಿದಳು. ಮೇಲಿನ ತೆಳು ಗಾಜು ಜಾರದಂತೆ, ಒಳಗಿನ ಹನಿ ಆರದಂತೆ, ಸುತ್ತ ಉಗುರುಬಣ್ಣ ಹಚ್ಚಿ ಮುಚ್ಚುವುದು ಎಲ್ಲರ ರೂಢಿ. ಅವಳು ಜೀವನದಲ್ಲಿ ಕೊಂಡ ಉಗುರುಬಣ್ಣವೆಂದರೆ ಅದೊಂದೇ. ಅಂಗಡಿಯವಳು, "ಬಣ್ಣಾನೇ ಇಲ್ಲದ್ದು ಹಚ್ಕೊಂಡ್ರೆ ಯಾರಿಗೆ ಕಾಣುತ್ತೆ?" ಎಂದು ಕೇಳಿದ್ದಳು.

"ಇದು ಗಂಟುಗಂಟಾಗಿದೆ" ಎಂದಳು ಅಕ್ಕ. "ಇದೂ. ಇವು ನುಣ್ಣಗಿವೆ. ಯಾಕೆ ಹೀಗೆ?"

"ಕೊನೆಗೆ ಬಾಟಲಿ ಆರಿಹೋಗಿತ್ತು. ಪ್ರತಿಕಾಯ ಹಾಕದ್ದಕ್ಕೆಲ್ಲ ಕೊನೇಲಿ ಹಚ್ಚಿದ್ದು..."

"ಹಾಕದ್ದೆಲ್ಲ ಗಂಟು. ಹಾಕಿದ್ದೆಲ್ಲ ನುಣುಪು. ನೀವು ಕಣ್ಣು ಮುಚ್ಚಿದ್ರಿ, ಸರಿ. ಬೆರಳು?"

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಅವು ಬೇರೆ ಯಾರದೋ ಮನೆಯ ಕೆಲಸದವರಂತೆ ಸುಮ್ಮನೆ ತಲೆ ತಗ್ಗಿಸಿಕೊಂಡಿದ್ದವು. ಅಂದು ಒಂದೊಂದು ಸ್ಲೈಡನ್ನೂ ಮೈಕ್ರೋಸ್ಕೋಪಿನ ಕೆಳಗೆ ಜಾರಿಸುವಾಗ ಅಂಚು ಹಿಡಿದೇ ಜಾರಿಸಿದ್ದಳು. ಕೆಲವು ಜೀವಕೋಶಗಳ ತುದಿಯಲ್ಲಿ ಮಸುಕು ಹಸಿರು ಕಂಡಾಗ, ಇದು ಲೆಕ್ಕಕ್ಕಿಲ್ಲ, ಬರೀ ಕೊಳೆ ಎಂದು ಎಷ್ಟು ನಿರಾಯಾಸವಾಗಿ ತೀರ್ಮಾನಿಸಿದ್ದಳು; ಇನ್ನು ಕೆಲವಲ್ಲಿ ಅದೇ ಹಸಿರು ಕಂಡು ಹಿಗ್ಗಿ ಲೆಕ್ಕಕ್ಕೆ ಸೇರಿಸಿದ್ದಳು. ತಾನು ಸುಳ್ಳು ಎಣಿಸಿರಲಿಲ್ಲ. ಅದೇ ಭಯ. ಸುಳ್ಳು ಎಣಿಸಿದ್ದರೆ ಎಲ್ಲಿ ತಪ್ಪಿತೆಂದಾದರೂ ಗೊತ್ತಿರುತ್ತಿತ್ತು.

"ನಿಮ್ಮ ಹೊಸ ಬಾಟಲಿ ಇದ್ರೆ ಕೊಡಿ" ಎಂದಳು ಅಕ್ಕ. "ಎಲ್ಲಕ್ಕೂ ಮೇಲೆ ಇನ್ನೊಂದು ಕೈ ದಪ್ಪಗೆ ಹಚ್ತೀನಿ. ಆರೋವರೆಗೂ ಈ ಕಡೆ ಬರ್ಬೇಡಿ. ಎಣಿಸುವಾಗ್ಲೂ ಸ್ಲೈಡು ನೀವು ಮುಟ್ಟಬೇಡಿ, ನಾನೇ ಇಡ್ತೀನಿ."

"ನಿಮ್ಮ ಕೆಲಸ?"

"ಕೊಕ್ಕರೆಗೆ ಕಾಯೋದು ಅಭ್ಯಾಸ ಇರುತ್ತೆ."

ಮಧ್ಯಾಹ್ನದ ಬಿಸಿಲಿನಿಂದ ಮೈಕ್ರೋಸ್ಕೋಪಿನ ಕೋಣೆಗೆ ಹೋದರೆ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಕಿಟಕಿಗೆ ಕಪ್ಪು ಬಟ್ಟೆ, ಯಂತ್ರದ ಫ್ಯಾನಿನ ಒಂದೇ ಸಮನೆಯ ಉಸಿರು. ಹಿಂದೆ ಅಕ್ಕ ಕೂತಿದ್ದಳು. ಸ್ಲೈಡು ಇಡುವಾಗ ಅವಳ ತೋಳು ಭುಜದ ಪಕ್ಕದಿಂದ ಬಂದು ಹೋಗುತ್ತಿತ್ತು, ಸೋಪಿನ ವಾಸನೆ ಬಂದು ಹೋಗುತ್ತಿತ್ತು. ಪರದೆಯ ಮೇಲೆ ಲೇಸರು ಮೇಲಿನಿಂದ ಕೆಳಗೆ ಒಂದೊಂದೇ ಗೆರೆ ಎಳೆಯುತ್ತ ಕತ್ತಲಲ್ಲಿ ಜೀವಕೋಶವನ್ನು ಬರೆಯುತ್ತಿತ್ತು. ಉದ್ದನೆಯ ದೇಹ, ಒರಟು ಅಂಚು. ಕೆಲವಲ್ಲಿ ಅಡ್ಡಕ್ಕೆ ಸಣ್ಣ ಸಣ್ಣ ಹಸಿರು ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ ಸಮ ದೂರದಲ್ಲಿ. ಗೋಡೆಯೇ ಒಳಕ್ಕೆ ಮಡಚಿಕೊಂಡು ಕೊಳವೆಯಾಗಿ ಜೀವಕೋಶದ ಆಳಕ್ಕೆ ಇಳಿದ ಜಾಗಗಳು ಅವು. ಕೆಲವಲ್ಲಿ ಗೆರೆಗಳಿಲ್ಲ. ತುದಿಗಳಲ್ಲಿ ಮಾತ್ರ, ಎರಡೂ ಕಡೆ, ಹಸಿರು. ಕಾಗದದ ಮೇಲೆ ಗೀಟು ಹಾಕುತ್ತ ಹೋದಳು: ತುದಿ, ಗೆರೆ, ಎರಡೂ. ಯಾವುದು ಯಾವುದೆಂದು ತಿಳಿಯಲು ಮನಸ್ಸು ಮೊದಮೊದಲು ಎಲ್ಲ ಕಡೆ ಮೂಸಿ ನೋಡಿತು, ಅಕ್ಕನ ಉಸಿರಿನಲ್ಲಿ ಕೂಡ. ಈ ಸ್ಲೈಡಿಗೆ ಉಸಿರು ಬಿಗಿ ಹಿಡಿದಳೇ, ಇದಕ್ಕೆ ಕುರ್ಚಿ ಕಿರುಗುಟ್ಟಿತೇ. ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಕುವುದನ್ನು ಬಿಟ್ಟಿತು. ಬಿಟ್ಟ ಮೇಲೆ ಅವಳಿಗೆ ಆದದ್ದು ನೆಮ್ಮದಿಯೆಂದು ಹೇಳಲಾಗದು. ಒಂದು ದೊಡ್ಡ ಖಾಲಿ ಬಸ್ಸಿನಲ್ಲಿ ಒಬ್ಬಳೇ ಕೂತು, ಎಲ್ಲಿ ಇಳಿಯಬೇಕೆಂದು ಡ್ರೈವರಿಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಹೋದಂತಿತ್ತು. ಕಣ್ಣಿಗೆ ಕಂಡದ್ದಕ್ಕೆ ಗೀಟು ಹಾಕುವುದು, ಅಷ್ಟೇ. ತುದಿ. ತುದಿ, ಗೆರೆ. ತುದಿ.

ಎಲ್ಲದರಲ್ಲೂ ತುದಿ ಇತ್ತು. ಅರ್ಧ ದಾರಿಯಲ್ಲೇ ಅದು ಅವಳಿಗೆ ತಿಳಿಯಿತು, ತಿಳಿದೂ ಕೈ ನಿಲ್ಲಿಸಲಿಲ್ಲ. ಪ್ಯಾಂಟಿನ ಜೇಬಿನಲ್ಲಿ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಒಂದು ಜೀವಕೋಶ ಬಂತು, ಅಂದವಾದದ್ದು, ಹೋದ ಸಲವಾಗಿದ್ದರೆ ಲೇಖನದ ಮೊದಲ ಚಿತ್ರಕ್ಕೆ ಆರಿಸಿಕೊಳ್ಳುತ್ತಿದ್ದಂಥದು. ಅದರ ಎರಡು ತುದಿಗಳೂ ಹರಿದ ಬಟ್ಟೆಯ ಅಂಚಿನಂತೆ ಎಳೆಎಳೆಯಾಗಿ, ಹಸಿರಾಗಿ ಉರಿಯುತ್ತಿದ್ದವು. ಅಲ್ಲಿ ಇನ್ನೊಂದು ಜೀವಕೋಶ ಇತ್ತು. ಕಿಣ್ವ ಬಂದು ಬಿಡಿಸುವವರೆಗೂ, ಹುಟ್ಟಿದಾಗಿನಿಂದ, ಅದಕ್ಕೆ ಅಂಟಿಕೊಂಡೇ ಇದು ಬಡಿಯುತ್ತಿತ್ತು. ಕಿತ್ತು ಬಂದ ಜಾಗ ಯಾವ ಬಣ್ಣ ಸಿಕ್ಕರೂ ಹಿಡಿದುಕೊಳ್ಳುತ್ತದೆಯೇ? ಆ ಯೋಚನೆ ತನ್ನದೋ ಅಜ್ಜಿಯದೋ ಎಂದು ಅನುಮಾನ ಬಂದು, ಅದನ್ನು ಅಲ್ಲಿಯೇ ಬಿಟ್ಟು, ಗೀಟು ಹಾಕಿದಳು. ತುದಿ.

"ಮುಗೀತು" ಎಂದಳು ಅಕ್ಕ. ದೀಪ ಹಾಕಿದಳು. ಇಬ್ಬರೂ ಕಣ್ಣು ಕಿರಿದು ಮಾಡಿದರು. ಅಕ್ಕ ಟೇಪುಗಳನ್ನು ಒಂದೊಂದಾಗಿ ಸುಲಿಯುತ್ತ, ಕೆಳಗಿನ ಚೀಟಿ ಓದುತ್ತ ಹೋದಳು, ಅವಳು ತನ್ನ ಗೀಟುಗಳ ಪಕ್ಕ ಬರೆದುಕೊಳ್ಳುತ್ತ ಹೋದಳು. ಹಾಕಿದ್ದು. ಹಾಕದ್ದು. ಹಾಕದ್ದು. ಹಾಕಿದ್ದು. ಅಡ್ಡಗೆರೆಗಳು ಹಾಕಿದ್ದರಲ್ಲಿ ಮಾತ್ರ ಇದ್ದವು. ತುದಿಯ ಹೊಳಪು ಎರಡರಲ್ಲೂ ಒಂದೇ ಸಮ ಇತ್ತು. ಅಲ್ಲಿ ಚಾನೆಲ್ ಇರಬೇಕಾದ ಅಗತ್ಯವೇ ಇರಲಿಲ್ಲ, ಬಣ್ಣ ತಾನಾಗಿಯೇ ಅಂಟಿಕೊಂಡಿತ್ತು. ಕೊನೆಯ ಟೇಪು ಸುಲಿದು ಅಕ್ಕ ಅದನ್ನು ಬೆರಳಲ್ಲಿ ಉಂಡೆ ಮಾಡಿದಳು.

"ಮೇಡಂಗೆ ಕಷ್ಟ ಆಗುತ್ತೆ" ಎಂದಳು. "ತುದಿ ತುದಿ ಅಂತ ಊರೂರು ಸುತ್ತಿ ಹೇಳಿದಾರೆ."

"ಹೂಂ."

"ನಿಮಗೂ."

"ಹೂಂ." ಅವಳು ಕಾಗದ ಮಡಚಿದಳು, ಮತ್ತೆ ಬಿಡಿಸಿದಳು. "ಅಕ್ಕಾ, ಮುಚ್ಚಿಕೊಟ್ಟವರದು ಅಂತ ಒಂದು ಹೆಸರು ಕೊಡ್ಬೇಕು. ನಿಮ್ಮ ಹೆಸರು ಹಾಕಬಹುದಾ?"

ಅಕ್ಕ ಬ್ಯಾಗು ಹೆಗಲಿಗೇರಿಸುತ್ತಿದ್ದವಳು ನಿಂತಳು. "ಯಾವುದು? ನೀವಿಟ್ಟಿದ್ದಾ, ನಮ್ಮಪ್ಪ ಇಟ್ಟಿದ್ದಾ?"

ಯಂತ್ರದ ಫ್ಯಾನು ಇನ್ನೂ ತಿರುಗುತ್ತಿತ್ತು. ಕ್ಷಮಿಸಿ ಎನ್ನುವ ಪದ ಗಂಟಲವರೆಗೆ ಬಂದಿತ್ತು. ಅದನ್ನು ಈಗ ಕೊಟ್ಟರೆ ಅಕ್ಕ ಮಧ್ಯಾಹ್ನವೆಲ್ಲ ಕೂತದ್ದಕ್ಕೆ ಅದೇ ಬೆಲೆ ಎಂದಾಗುತ್ತದೆ ಅನ್ನಿಸಿತು.

"ಅಪ್ಪ ಇಟ್ಟಿದ್ದು" ಎಂದಳು.

"ಹಾಕಿ" ಎಂದಳು ಅಕ್ಕ. "ಬೆಳಿಗ್ಗೆ ಆ ತಟ್ಟೆ ತೊಳೆದಿಡಿ, ನನಗೆ ಬೇಕು." ಕಾರಿಡಾರಿನಲ್ಲಿ ಅವಳ ಉದ್ದ ಹೆಜ್ಜೆಗಳು ದೂರವಾದವು, ತಿರುವಿನಲ್ಲಿ ಕೂಡ ನಿಧಾನಿಸಲಿಲ್ಲ.

ಮೇಡಂ ಕಿಟಕಿ ಹಾಕಿ, ಕೊಡೆ ಎತ್ತಿಕೊಂಡು ನಿಂತಿದ್ದರು. "ಬಂದ್ಯಾ? ಇನ್ನೇನು ಹೊರಟೆ ನಾನು" ಎಂದು ಕೈ ಚಾಚಿದರು. ಅವಳು ಕಾಗದವನ್ನು ಆ ಕೈಗೆ ಕೊಟ್ಟಳು. ಮೇಡಂ ನಿಂತೇ ಓದತೊಡಗಿದರು, ಮುಗುಳ್ನಗು ಇತ್ತು, ಮೊದಲ ಸಾಲು ದಾಟುವಾಗಲೂ ಇತ್ತು. ಆಮೇಲೆ ಅದನ್ನು ತೆಗೆಯಲು ಮರೆತವರಂತೆ ಹಾಗೆಯೇ ಇಟ್ಟುಕೊಂಡು ಮತ್ತೆ ಮೇಲಿನಿಂದ ಓದಿದರು. ಕೊಡೆಯನ್ನು ಕುರ್ಚಿಗೆ ಒರಗಿಸಿ ಕೂತರು.

"ಹಾಕದ್ದರಲ್ಲೂ ತುದಿ ಇದೆ."

"ಇದೆ ಮೇಡಂ."

"ಹೋದ ಸಲ ಇರಲಿಲ್ಲ."

"ಹೋದ ಸಲ ಮುಚ್ಚಿದವರು ಯಾರೂ ಇರಲಿಲ್ಲ. ಪಕ್ಕದ ಲ್ಯಾಬಲ್ಲಿ ಆ ಥರ ಯಾರೂ ಇಲ್ಲ ಮೇ​ಡಂ."

ಮೇಡಂ ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಅದು ಇನ್ನೂ ಯಾರೂ ಏಳದ ಮನೆಯ ಹಾಗಿತ್ತು. ಮೂಗಿನ ಎರಡೂ ಬದಿ ಕೆಂಪಗೆ ಒತ್ತಿದ ಗುರುತು. ಪ್ಲಾಸ್ಟರಿನ ಹೃದಯದೊಳಗಿನಿಂದ ಅವರು ಒಂದು ಪಿನ್ನು ತೆಗೆದರು, ಮತ್ತೆ ಅಲ್ಲಿಯೇ ಹಾಕಿದರು.

"ಗೆರೆಗಳು?"

"ಹಾಕಿದ್ದರಲ್ಲಿ ಮಾತ್ರ. ಗೋಡೆ ಒಳಗೆ ಇಳಿಯೋ ಕಡೆ. ಒಂದು ಸಾಲೂ ತಪ್ಪದೆ."

"ಯಾರನ್ನಾದ್ರೂ ಒಂದು ಮಾತು ಕೇಳಿದ್ರೆ ಮುಚ್ಚಿಕೊಡ್ತಿದ್ರಲ್ಲೇ." ಅದು ಸಿಟ್ಟಿನ ದನಿಯಾಗಿರಲಿಲ್ಲ. ಸಿಟ್ಟು ಅದರ ನಂತರ ಬಂತು, ಬಹಳ ತಗ್ಗಿದ ದನಿಯಲ್ಲಿ. "ಇನ್ಮೇಲೆ ನಿನ್ನ ಎಣಿಕೆನ ಇನ್ನೊಬ್ಬರು ಎಣಿಸ್ತಾರೆ. ಪ್ರತಿ ಸಲ. ನಾನು ಹೇಳೋವರೆಗೂ."

"ಸರಿ ಮೇಡಂ."

"ಇದು ನಾಳೆ ಹೋಗಲ್ಲ. ಯಾವಾಗ ಹೋಗುತ್ತೋ ಗೊತ್ತಿಲ್ಲ." ಲೇಖನದ ಪ್ರತಿಯನ್ನು ಹತ್ತಿರ ಎಳೆದುಕೊಂಡರು. ತಲೆಬರಹದಲ್ಲೇ ಇದ್ದ ತುದಿ ಎನ್ನುವ ಆ ಒಂದು ಪದದ ಮೇಲೆ ಪೆನ್ನು ಇಟ್ಟು, ಹೊಡೆದು ಹಾಕುವ ಮೊದಲು ಕೈ ಸ್ವಲ್ಪ ತಡೆಯಿತು. ಹೊಡೆದು ಹಾಕಿದರು. ಪುಟ ತಿರುವಿದರು, ಅಲ್ಲೂ ಇತ್ತು, ಅಲ್ಲೂ ಹೊಡೆದರು. ಅವಳು ನಿಂತೇ ಇದ್ದಳು. ಹೊರಗೆ ಯಾರೋ ನೀರಿನ ಬಕೆಟ್ಟು ಎಳೆದುಕೊಂಡು ಹೋದರು. ಪುಟಗಳು ಮುಗಿದು ಕೊನೆಯ ಪುಟ ಬಂತು, ಅದರ ಕೆಳಗೆ ಅರ್ಧ ಬಿಟ್ಟ ಕೃತಜ್ಞತೆಯ ಒಂದು ಸಾಲು.

ಮೇಡಂ ಕನ್ನಡಕ ಹಾಕಿಕೊಂಡರು. ಅವಳ ಕಡೆ ನೋಡದೆ, "ಈ ಸಲ ಮುಚ್ಚಿದ್ದು ಯಾರು?" ಎಂದರು.

ಅವಳು ಅಕ್ಕನ ಹೆಸರು ಹೇಳಿದಳು, ಪೂರ್ತಿ, ಅವಳ ಅಪ್ಪನ ಹೆಸರಿನ ಮೊದಲಕ್ಷರವನ್ನೂ ಸೇರಿಸಿ. ಮೇಡಂ ಬರೆದುಕೊಂಡರು.